ಒಲೆ ಹಚ್ಚುವ ಹೊತ್ತು

"ಇಸ್ಕೋ ಭೂತ್ ಕಾ ಆವಾಜ್ ಆತಾ ಹೈ, ಮ್ಯಾಡಮ್," ಎಂದ ಮಾನಪ್ಪ. ಅಕ್ಕ ಮಾನಮ್ಮನಿಗೆ ಭೂತದ ದನಿ ಕೇಳಿಸುತ್ತದೆ ಎಂದು. ಅವಳ ಮಾತನ್ನು ಹಿಂದಿಯಲ್ಲಿ ಹೇಳುವ ಹೊಣೆ ಅವನದು. ‘ಇಲ್ಲದ ದನಿಗಳು ಕೇಳಿಸುತ್ತವೆಯೇ?’ ಎಂಬ ಫಾರ್ಮಿನ ಸಾಲಿನೆದುರು ನಿಶ್ಮಿತಾ ‘ಹೌದು’ ಎಂದು ಗುರುತು ಹಾಕಿದಳು. ಹಾಕಿದ ಮೇಲೆ ಪೆನ್ನು ಅಲ್ಲೇ ನಿಂತಿತು. ಮಾನಮ್ಮ ಭೂತದ ಮಾತನ್ನೇ ಎತ್ತಿರಲಿಲ್ಲ.

ನಿಶ್ಮಿತಾಳಿಗಿದು ಕ್ಲಿನಿಕಲ್ ಸೈಕಾಲಜಿ ಎಂ.ಎ.ಯ ಕೊನೆಯ ವರ್ಷ. ನೆರೂಳದ ಈ ಆಸ್ಪತ್ರೆಯಲ್ಲಿ ತರಬೇತಿಯ ಮೂರನೆಯ ವಾರ. ವರ್ತಕ ನಗರದ ಮನೆಯಲ್ಲಿ ತುಳು, ಹೊರಗೆ ಹಿಂದಿ, ಮರಾಠಿ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಅಷ್ಟೆ. ನೆಂಟರು ಕನ್ನಡದಲ್ಲಿ ಕೇಳಿದರೂ ಹಿಂದಿಯಲ್ಲಿ ಉತ್ತರಿಸಿ ಪಾರಾಗುತ್ತಿದ್ದಳು. ‘ಸಂಸ್ಕೃತಿ ಮತ್ತು ಮನಸ್ಸು’ ಪೇಪರಿನಲ್ಲಿ ಮಾತ್ರ ತರಗತಿಗೇ ಮೊದಲಿಗಳು.

ಮಾನಮ್ಮ ಯಾದಗಿರಿ ಕಡೆಯವಳು, ಕಟ್ಟಡದ ಕೂಲಿ. ಮಳೆಗಾಲದಲ್ಲಿ ಹನ್ನೆರಡು ವರ್ಷದ ಮಗಳು ಜ್ವರದಿಂದ ತೀರಿಹೋಗಿದ್ದಳು. ಈಗ ಸಂಜೆಯಾದರೆ ಮಾನಮ್ಮ ಯಾರಿಗೋ ಓಗೊಡುತ್ತಾಳೆಂದು ಕೂಲಿಗಳ ಶೆಡ್ಡಿನ ಹೆಂಗಸರಿಗೆ ಭಯ. ಡಾಕ್ಟರ ಕಾಗದ ತಾ, ಇಲ್ಲವೇ ಗಂಟುಮೂಟೆ ಕಟ್ಟು ಎಂದಿದ್ದ ಕೆಲಸ ಮಾಡಿಸುವ ಮುಕಾದಮ.

ನಿಶ್ಮಿತಾ ಕುರ್ಚಿಯನ್ನು ಅವಳತ್ತ ಸರಿಸಿದಳು. "ನಿಮಗೆ... ಹೆದರಿಕೆ ಆಗ್ತದಾ?"

ಮಾನಮ್ಮ ಮೊದಲ ಸಲ ತಲೆಯೆತ್ತಿದಳು. "ನಿಂಗ ನಮ್ಮ ಮಾತು ಬರ್ತದ?"

"ಸ್ವಲ್ಪ ಸ್ವಲ್ಪ."

"ನನ್ನ ಮಗಳಿಗಿ ನಾ ಯಾಕ ಹೆದರ್ಲಿ? ಒಲಿ ಹಚ್ಚೋ ಹೊತ್ತಿಗಿ ಕರೀತಾಳ. ಯವ್ವಾ, ಹಸಿವಾಗ್ಯಾದ ಅಂತಾಳ. ಬಂದೆ ತಡಿ ಅಂತೀನಿ."

"ಅವಳು ಇಲ್ಲ ಅಂತ ಗೊತ್ತುಂಟಾ?"

"ಗೊತ್ತದವ್ವಾ. ಈ ಕೈಲೇ ಮಣ್ಣ ಕೊಟ್ಟೀನಿ." ಅಂಗೈಗಳನ್ನು ಮುಂದೆ ಚಾಚಿದಳು. "ಆದ್ರ ಕರದಾಗ ಸುಮ್ಮ ಹ್ಯಾಂಗ ಕುಂದರ್ಲಿ?"

ಮಾನಪ್ಪ ಗೋಡೆಯ ಕಡೆ ತಿರುಗಿಕೊಂಡ. ಅಕ್ಕನನ್ನು ಅವನೂ ಎಂದೂ ಹೀಗೆ ವಿಚಾರಿಸಿರಲಿಲ್ಲ.

ಹಾಕಿದ ಗುರುತನ್ನು ಹೊಡೆದುಹಾಕಿ, ನಿಶ್ಮಿತಾ ಆ ಮಾತುಗಳನ್ನು ಅವಳ ಬಾಯಲ್ಲಿ ಬಂದಂತೆಯೇ ಬರೆದುಕೊಂಡಳು. ಕನ್ನಡ ಅಕ್ಷರ ಬಾರದು. ಮರಾಠಿಯ ಅಕ್ಷರಗಳಲ್ಲೇ ಬರೆದಳು. ಹಿರಿಯ ಡಾಕ್ಟರ್ ಪ್ರಿಯಂವದಾ ಎರಡು ಸಲ ಓದಿಸಿ, ಅರ್ಥ ಕೇಳಿ, ಮಾನಮ್ಮನನ್ನು ತಾವೂ ಮಾತಾಡಿಸಿದರು. ಆಮೇಲೆ ಮುಕಾದಮನಿಗೆ ಕಾಗದ ಬರೆದರು: ಇದು ಹುಚ್ಚಲ್ಲ, ದುಃಖ, ಕೆಲಸ ಬಿಡಿಸಬೇಡಿ. "ಪ್ರತಿ ಮಂಗಳವಾರ ಬರಲಿ," ಎಂದರು ನಿಶ್ಮಿತಾಳಿಗೆ. "ನೀನೇ ಮಾತಾಡು."

ಕಾಗದವನ್ನು ಮಾನಪ್ಪ ಅಂಗಿಯ ಜೇಬಿಗಿಟ್ಟುಕೊಂಡ. ಮಾನಮ್ಮ ಏಳಲಿಲ್ಲ.

"ಆಕಿ ಹೆಸ್ರು ಬರ್ದಿ ಏನವ್ವಾ?"

ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. "ಎಂತ ಹೆಸರು?"

"ಬಾಗಿ."

ನಿಶ್ಮಿತಾ ಅಂಚಿನಲ್ಲಿ ದೊಡ್ಡದಾಗಿ ಬರೆದು, ಹಾಳೆಯನ್ನು ಅವಳ ಕಡೆ ತಿರುಗಿಸಿದಳು. ಮಾನಮ್ಮ ಸಿಮೆಂಟು ತಿಂದ ಬೆರಳನ್ನು ಆ ಎರಡಕ್ಷರದ ಮೇಲಿಟ್ಟಳು. ಹೊರಗೆ ಮುಂದಿನ ನಂಬರು ಕೂಗಿದರು. ಬೆರಳು ಅಲ್ಲೇ ಇತ್ತು.