ಟೀಚರಮ್ಮನ ರಿಪೋರ್ಟ್ ಯಾರು ನೋಡಬೇಕು?

ಡಾಕ್ಟರಮ್ಮನ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಎಲ್ಲರಿಗೂ ಸೇರಿ ಒಂದೇ ಫೋಲ್ಡರ್. ರೋಗಿಗಳ ರಿಪೋರ್ಟ್, ಔಷಧಿ ದಾಸ್ತಾನು, ಆಂಬ್ಯುಲೆನ್ಸ್ ಡ್ಯೂಟಿ ಚೀಟಿ ಎಲ್ಲವೂ ಅದರಲ್ಲೇ. ಯಾರು ಬೇಕಾದರೂ ತೆರೆಯಬಹುದು, ಅಳಿಸಲೂಬಹುದು.

ಒಂದು ಬೆಳಿಗ್ಗೆ ಆಂಬ್ಯುಲೆನ್ಸ್ ಡ್ರೈವರ್ ತನ್ನ ಡ್ಯೂಟಿ ಚೀಟಿ ಹುಡುಕುತ್ತಾ ಪಕ್ಕದ ಫೈಲ್ ತೆರೆದುಬಿಟ್ಟ. ಅದು ಅವನ ಮಗಳ ಟೀಚರಮ್ಮನ ರಿಪೋರ್ಟ್. ಆಕೆ ಬಸುರಿ! ಡ್ರೈವರ್ ಒಳ್ಳೆಯ ಮನುಷ್ಯ, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲದು. ಹೊರಗೆ ಬೆಂಚಿನ ಮೇಲೆ ಆಕೆಯನ್ನು ಕಂಡವನೇ, “ಟೀಚರಮ್ಮಾ, ತೊಟ್ಟಿಲು ತರಬೇಕಂತಲ್ಲ!” ಎಂದ.

ಪಕ್ಕದಲ್ಲೇ ಆಕೆಯ ಅತ್ತೆ ಕೂತಿದ್ದರು. ಹಿಂದಿನ ಸಲ ಬಸಿರು ನಿಲ್ಲದೆ ನೊಂದಿದ್ದ ಟೀಚರಮ್ಮ ಈ ಸಲ ಗಂಡನಿಗಲ್ಲದೆ ಬೇರೆ ಯಾರಿಗೂ ಹೇಳಿರಲಿಲ್ಲ.

“ನನಗೂ ಹೇಳ್ಲಿಲ್ವಲ್ಲಮ್ಮಾ?” ಎಂದರು ಅತ್ತೆ.

ಟೀಚರಮ್ಮ ಕಣ್ಣೊರೆಸಿಕೊಂಡು ಎದ್ದು ಹೋದರು. ಮುಂದಿನ ತಪಾಸಣೆಗೂ ಬರಲಿಲ್ಲ.

ಕ್ಲಿನಿಕ್ಕಿನ ಕಂಪ್ಯೂಟರ್ ನೋಡಿಕೊಳ್ಳುವವಳು ಡಾಕ್ಟರಮ್ಮನ ನಾದಿನಿ. “ಅತ್ತಿಗೆ, ಇನ್ನು ಫೋಲ್ಡರ್ ಬೇರೆ ಬೇರೆ ಮಾಡಿ, ಬಳಸೋರ ಗುಂಪು ಮಾಡೋಣ” ಎಂದಳು.

“ನಮ್ಮವರಿಗೇ ಬೀಗ ಹಾಕೋದಾ? ಡ್ರೈವರ್ ಏನಂದ್ಕೋತಾನೆ?”

“ಯಾರ ಕೆಲಸಕ್ಕೆ ಏನು ಬೇಕೋ ಅದು ಅವರಿಗೆ ಸಿಗುತ್ತೆ. ರಿಪೋರ್ಟು ಡಾಕ್ಟರ್ ಗುಂಪಿಗೆ, ಲ್ಯಾಬ್ ಗುಂಪಿಗೆ. ಡ್ರೈವರ್ ಗುಂಪಿಗೆ ಡ್ಯೂಟಿ ಚೀಟಿ, ಅದೂ ಓದೋಕಷ್ಟೇ.”

“ಒಬ್ಬೊಬ್ಬರಿಗೂ ಹೀಗೆ ಮಾಡ್ತಾ ಕೂತ್ರೆ ನಿನ್ನ ತಲೆ ಚಿಟ್ಟು ಹಿಡಿಯುತ್ತೆ!”

“ಇಲ್ಲಪ್ಪ! ಅನುಮತಿ ಗುಂಪಿಗೆ ಒಂದ್ಸಲ ಕೊಟ್ರೆ ಆಯ್ತು. ಹೊಸಬರು ಬಂದ್ರೆ ಗುಂಪಿಗೆ ಸೇರಿಸೋದು, ಕೆಲಸ ಬಿಟ್ಟೋರನ್ನ ಅವತ್ತೇ ತೆಗೆಯೋದು. ಆದ್ರೆ ಎಲ್ಲರಿಗೂ ಅವರವರದೇ ಪಾಸ್‌ವರ್ಡ್ ಇರ್ಬೇಕು.”

ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಮೆಲ್ಲಗೆ ಹೇಳಿದ: “ಮಾಡಿಬಿಡಿ ಮೇಡಂ. ನೋಡಿದ್ದಕ್ಕೇ ಅಲ್ವಾ ನನ್ನ ಬಾಯಿ ಜಾರಿದ್ದು? ಗೊತ್ತಿಲ್ದಿದ್ರೆ ನೆಮ್ಮದಿಯಾಗಿ ಗಾಡಿ ಓಡಿಸ್ತೀನಿ.”

“ಸರಿ, ಮಾಡು” ಎಂದರು ಡಾಕ್ಟರಮ್ಮ ನಾದಿನಿಗೆ.

ನಾದಿನಿ ಅಷ್ಟಕ್ಕೇ ಬಿಡುವವಳಲ್ಲ. ಗುಂಪು ಮಾಡಿ ಮುಗಿಸಿ ಡ್ರೈವರನ್ನೇ ಕೂರಿಸಿ, ಅವನ ಪಾಸ್‌ವರ್ಡ್ ಹಾಕಿಸಿ, “ಈಗ ರಿಪೋರ್ಟ್ ತೆಗಿ ನೋಡೋಣ” ಎಂದಳು. ಅವನು ಒತ್ತಿದ. ತೆರೆಯಲಿಲ್ಲ. ಪರೀಕ್ಷೆ ಪಾಸಾದವನಂತೆ ನಕ್ಕ. “ಕೆಲಸ ಅಂದ್ರೆ ಇದು ಕಣೇ!” ಎಂದು ಡಾಕ್ಟರಮ್ಮ ನಾದಿನಿಯ ಬೆನ್ನು ತಟ್ಟಿದರು. ಆಮೇಲೆ ತಾವೇ ಟೀಚರಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದರು.

ಮರುವಾರ ಟೀಚರಮ್ಮ ಬಂದರು. ಬಾಗಿಲಲ್ಲೇ ನಿಂತು, “ಈಗ ನನ್ನ ರಿಪೋರ್ಟ್ ಯಾರ್ಯಾರು ನೋಡ್ತಾರೆ?” ಎಂದು ಕೇಳಿದರು.

“ನಾನು, ಲ್ಯಾಬಿನವರು. ಅಷ್ಟೇ” ಎಂದರು ಡಾಕ್ಟರಮ್ಮ.

ಟೀಚರಮ್ಮ ಒಳಗೆ ಬಂದು ಕೂತು, ಬಿ.ಪಿ. ನೋಡಲು ತೋಳು ಚಾಚಿದರು.

ನಿಮ್ಮ ಸಂಘ, ಶಾಲೆ, ಅಂಗಡಿಯ ಕಂಪ್ಯೂಟರಿನಲ್ಲೂ ಯಾರದೋ ಮನೆಯ ಮಾತು ಇರಬಹುದು. “ನಮ್ಮವರೇ ತಾನೆ” ಎಂದು ಸುಮ್ಮನಿರಬೇಡಿ. ಯಾವ ಫೋಲ್ಡರ್ ಯಾರ ಕೆಲಸಕ್ಕೆ ಬೇಕೆಂದು ಕೇಳಿ, ಗುಂಪು ಮಾಡಿ, ಮಾಡಿದ್ದನ್ನು ಪರೀಕ್ಷಿಸಿ. ಇವತ್ತೇ!