ಕಪ್ಪು ಬಟ್ಟೆಯ ಹಿಂದಿನ ಕ್ಯಾನು

ಊರಿಗೆ ನೀರು ಬಿಡುವ ಶುದ್ಧೀಕರಣ ಘಟಕದಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಕಲಿತದ್ದು ಒಂದೇ: ತಿಳಿಯಾಗಿ ಕಂಡ ನೀರನ್ನೇ ಮೊದಲು ಅನುಮಾನಿಸಬೇಕು. ಈ ಬುದ್ಧಿ ಮನೆಗೂ ಬಂದು ಅಂಟಿಕೊಂಡಿದೆ. ಹಾಲಿನವನಿಂದ ಹಿಡಿದು ಹೆಣ್ಣು ಕೊಟ್ಟ ಮಾವನವರೆಗೆ ನಾನು ಯಾರನ್ನೂ ಪೂರ್ತಿ ನಂಬಿದವನಲ್ಲ. ಹಾಗಾಗಿ ಅಕ್ಕನ ಗಂಡ, ನಮ್ಮ ಭಾವ, ನನಗೆ ‘ಕಾಮಾಲೆ ಕಣ್ಣು’ ಎಂದು ಹೆಸರಿಟ್ಟಿದ್ದಾರೆ.

ಭಾವ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಅವರ ತಂದೆಯೂ ಅದೇ ಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಎಲ್ಲರ ಬಾಯಲ್ಲೂ ದೊಡ್ಡ ಮೇಷ್ಟ್ರು. ಮಕ್ಕಳಿಗೆ ಮತ್ತು ಶಿಕ್ಷಕರಿಗೆಂದು ಇಂಜಿನಿಯರಿಂಗ್ ಕಾಲೇಜಿನವರು ವರ್ಷಕ್ಕೊಮ್ಮೆ ವಿಜ್ಞಾನ ಮೇಳ ನಡೆಸುತ್ತಾರೆ. ಅದು ಹತ್ತಿರ ಬಂತೆಂದರೆ ಅಕ್ಕನ ಮನೆಯಲ್ಲಿ ಬೇರೆ ಮಾತೇ ಇಲ್ಲ. ಊಟದ ಮೇಜಿನ ಮೇಲೆಲ್ಲ ಅಂಟು, ತಂತಿ, ರಟ್ಟು. ಹದಿನೈದು ದಿನ ಎಲ್ಲರಿಗೂ ಅಡುಗೆಮನೆಯ ನೆಲದ ಮೇಲೇ ಊಟ. ಗೆದ್ದ ಕಪ್ಪುಗಳು ಕಪಾಟಿನಲ್ಲಿ ಹಿಡಿಸದೆ ಫ್ರಿಜ್ಜಿನ ತಲೆಯ ಮೇಲೂ ಕೂತಿವೆ.

ಅಕ್ಕನ ಮಗಳು ಎಂಟನೇ ಕ್ಲಾಸು. ಬಾಯಿ ತೆರೆದರೆ ಮುಚ್ಚದವಳು, ಅದಕ್ಕೇ ಅವಳನ್ನು ಚಿನಕುರಳಿ ಎನ್ನುತ್ತೇವೆ. ಒಮ್ಮೆ ನಮ್ಮ ಘಟಕ ತೋರಿಸಲು ಕರೆದುಕೊಂಡು ಹೋದಾಗ, ಮರಳು ಎಷ್ಟು ದಪ್ಪ, ಯಾಕೆ ತೊಳೀತೀರ, ತೊಳೆದ ನೀರು ಎಲ್ಲಿಗೆ ಹೋಗುತ್ತೆ ಎಂದು ತಲೆ ತಿಂದುಬಿಟ್ಟಿದ್ದಳು. ಕಳೆದ ವರ್ಷದ ಮೇಳದಲ್ಲಿ ಅವಳ ನೀರು ಸೋಸುವ ಮಾದರಿಗೆ ಮೊದಲ ಬಹುಮಾನ ಬಂದ ಮೇಲೆ ಅವಳ ಮಾತು ಕಡಿಮೆಯಾಯಿತು. ಗೆದ್ದ ಮಗು ಮಂಕಾಗುವುದೆಂದರೇನು? ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ಆ ಮಾದರಿಯನ್ನೇ ಈ ವರ್ಷ ಶಿಕ್ಷಕರೆಲ್ಲರಿಗೂ ಕಲಿಸಿಕೊಡಿ ಎಂದು ಕಾಲೇಜಿನವರು ಕೇಳಿದ್ದರು. ಮೇಳದ ಹಿಂದಿನ ದಿನ ಮಧ್ಯಾಹ್ನ ನಾನು ಅಕ್ಕನ ಮನೆಗೆ ಹೋದಾಗ ಹಜಾರದಲ್ಲಿ ತಾಲೀಮು ನಡೆದಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಜಲ್ಲಿ, ಮರಳು, ಇದ್ದಿಲು. ಹಿಂದೆ ಕಪ್ಪು ಬಟ್ಟೆಯ ಪರದೆ, ಮುಂದೆ ಪುಟ್ಟ ನಲ್ಲಿ. ಚಿನಕುರಳಿ ಮೇಲಿನಿಂದ ಕೆಸರು ನೀರು ಸುರಿದು ಬಾಯಿಪಾಠ ಒಪ್ಪಿಸಿದಳು. ನಲ್ಲಿ ತಿರುಗಿಸಿದಳು. ಲೋಟದ ತುಂಬ ಕನ್ನಡಿಯಂಥ ನೀರು. ಅದನ್ನು ಎತ್ತಿ ಗಟಗಟ ಕುಡಿದಳು.

"ಹೆಂಗಿದೆ, ಕಾಮಾಲೆ ಕಣ್ಣು?" ಎಂದರು ಭಾವ.

ನಾನು ಇನ್ನೊಂದು ಲೋಟ ಹಿಡಿದು ಮೂಸಿದೆ. ನನಗೆ ಆ ವಾಸನೆ ಗೊತ್ತಾಗದೆ ಇರುತ್ತದೆಯೇ! ಬೆಳಿಗ್ಗೆ ನಾನೇ ಕ್ಲೋರಿನ್ ಹಾಕಿ ಬಿಟ್ಟ ನೀರು. ಕಪ್ಪು ಬಟ್ಟೆ ಸರಿಸಿ ನೋಡಿದೆ. ಸ್ಟೂಲಿನ ಮೇಲೆ ಇಪ್ಪತ್ತು ಲೀಟರಿನ ಕ್ಯಾನು, ಅದರಿಂದ ನಲ್ಲಿಗೆ ತೆಳ್ಳನೆಯ ಕೊಳವೆ. ಪೆಟ್ಟಿಗೆಗೂ ನಲ್ಲಿಗೂ ಯಾವ ಸಂಬಂಧವೂ ಇರಲಿಲ್ಲ.

"ಏನ್ ಭಾವ ಇದು?"

"ಅಯ್ಯೋ, ಎಲ್ಲಾರೂ ಮಾಡೋದೇ ಕಣಯ್ಯ. ನಿಜವಾಗ್ಲೂ ಸೋಸ್ಕೊಂಡ್ ಕೂತ್ರೆ ಸಾಯಂಕಾಲ ಆಗುತ್ತೆ. ಒಬ್ಬೊಬ್ಬರಿಗೆ ಕೊಡೋದೇ ಹತ್ತು ನಿಮಿಷ."

ಕುರ್ಚಿಯಿಂದ ದೊಡ್ಡ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಪ್ರಯೋಗ ಅನ್ನೋದು ದೊಡ್ಡೋರ ಮುಂದೆ ಕೈ ಕೊಡಬಾರದು. ನನ್ನ ಕಾಲದಿಂದ್ಲೂ ಅದೇ ಪದ್ಧತಿ. ನಾಟಕದಲ್ಲಿ ರಾಜ ನಿಜವಾದ ಕಿರೀಟ ಹಾಕ್ಕೋತಾನೇನು?"

"ನಾಟಕದ ಕಿರೀಟಾನ ಯಾರೂ ಮನೆಗ್ ತಗೊಂಡೋಗಿ ರಾಜ್ಯ ಆಳೋದಿಲ್ಲ, ಮೇಷ್ಟ್ರೇ. ಇದನ್ನ ನೋಡ್ಕೊಂಡೋರು ಹೋಗಿ ಮಾಡ್ತಾರೆ. ಹೊಸ ಮರಳು ಹಾಕಿದ್ರೆ ಮೊದಲ್ನೇ ನೀರನ್ನ ನಾವು ಚರಂಡಿಗೆ ಬಿಡ್ತೀವಿ. ತಿಳಿ ಆದ್ಮೇಲೂ ಔಷಧಿ ಹಾಕ್ದೆ ಒಂದ್ ಹನಿ ಊರಿಗೆ ಬಿಡಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ."

"ನೀನು ನಲ್ಲಿ ತಿರುಗಿಸೋನು, ನಮಗೆ ವಿಜ್ಞಾನ ಹೇಳ್ಕೊಡ್ತೀಯಾ?" ಎಂದರು ದೊಡ್ಡ ಮೇಷ್ಟ್ರು. ಅಕ್ಕ ಕಣ್ಣಲ್ಲೇ ‘ಸುಮ್ಮನಿರೋ’ ಎಂದಳು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಭಾವ ಗಡಿಬಿಡಿಯಲ್ಲಿ ಕಪ್ಪು ಬಟ್ಟೆ ಎಳೆದು ಕ್ಯಾನು ಮರೆಮಾಡಿದರು. ಬಂದವರು ದೂರದ ಒಂದು ಸಣ್ಣ ಶಾಲೆಯ ಟೀಚರ್. ಎರಡು ಬಸ್ಸು ಬದಲಿಸಿ ಬಂದಿದ್ದರು; ಕೈಯಲ್ಲಿ ಒಂದು ನೋಟ್‌ಬುಕ್ಕು, ಒಂದು ಪೊಟ್ಟಣ. ಕಳೆದ ವರ್ಷ ಮೇಳದಲ್ಲಿ ನೋಡಿದ್ದನ್ನು ಅಳತೆ ಸಮೇತ ಬರೆದುಕೊಂಡು ಹೋಗಿ, ಮಕ್ಕಳನ್ನು ಸೇರಿಸಿಕೊಂಡು ತಮ್ಮ ಶಾಲೆಯಲ್ಲೂ ಒಂದು ಕಟ್ಟಿದ್ದರಂತೆ.

"ನಮ್ಮದ್ರಲ್ಲಿ ನೀರು ತಿಳಿ ಆಗೋಕೇ ನಾಲ್ಕೈದು ದಿನ ಹಿಡೀತು ಸರ್. ಆಮೇಲೆ ಮಕ್ಕಳಿಗೆ ಕುಡಿಯೋಕೆ ಕೊಟ್ಟೆ. ವಾಂತಿಭೇದಿ ಆಗಿ ಇಬ್ರು ಆಸ್ಪತ್ರೆ ಸೇರಿದ್ರು. ಒಂದು ಕೂಸಂತೂ ಉಳಿದಿದ್ದೇ ಹೆಚ್ಚು. ನಂದೇ ಏನೋ ತಪ್ಪಾಗಿದೆ. ನಾಳೆ ಇನ್ನೊಂದ್ಸಲ ಸರಿಯಾಗಿ ನೋಡ್ಕೊಂಡ್ಹೋಗಿ ಸೋಮವಾರದಿಂದ ಮತ್ತೆ ಶುರು ಮಾಡೋಣ ಅಂತ. ನಮ್ಮಲ್ಲಿ ಇರೋದು ಆ ಕೆರೆ ನೀರೊಂದೇ." ಪೊಟ್ಟಣ ಬಿಚ್ಚಿದರು. ಅದರಲ್ಲಿ ಒಂದು ಹಿಡಿ ಮರಳಿತ್ತು.

ಭಾವ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. ನನ್ನ ಕಡೆ ನೋಡಲಿಲ್ಲ. "ನಿಮ್ಮ ಮರಳು ಸರಿ ಇಲ್ಲಮ್ಮ" ಎಂದರು.

ಆಗಲೇ ನಾನು ಬಾಯಿ ಬಿಡಬೇಕಿತ್ತು. ನನ್ನ ನಾಲಿಗೆಗೇನು ಬರ ಬಂದಿತ್ತೋ! ಅಕ್ಕನ ಮುಖ ನೋಡಿದೆ, ಅವಳ ಸಂಸಾರದ ಮರ್ಯಾದೆ ಎಂದುಕೊಂಡೆ, ಸುಮ್ಮನಾದೆ. ಊರನ್ನೆಲ್ಲ ಅನುಮಾನಿಸುವವನು ಸಮಯ ಬಂದಾಗ ಎಂಥ ಪುಕ್ಕಲ ಎನ್ನುವುದು ಅವತ್ತು ಗೊತ್ತಾಯಿತು. ಟೀಚರ್ ಭಾವನಿಗೆ ಎರಡೆರಡು ಸಲ ಕೈಮುಗಿದು ಹೋದರು. ಚಿನಕುರಳಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಪ್ಪಾ, ಅವರ ಮಕ್ಕಳು ಸೋಮವಾರ ಅದನ್ನೇ ಕುಡೀತಾರಾ?"

"ನಿನ್ನ ಭಾಷಣ ನೀನು ಓದ್ಕೋ" ಎಂದರು ಭಾವ.

ಮರುದಿನ ರಜೆ ಹಾಕಿ ನಾನೂ ಹೋದೆ. ದೊಡ್ಡ ಸಭಾಂಗಣ, ಮುಂದಿನ ಸಾಲಿನಲ್ಲಿ ಇಂಜಿನಿಯರುಗಳು, ಹಿಂದೆ ನೂರಾರು ಮಕ್ಕಳು, ನಡುವೆ ನೋಟ್‌ಬುಕ್ಕು ಬಿಚ್ಚಿಕೊಂಡ ಶಿಕ್ಷಕರು. ಸುತ್ತ ಇಟ್ಟಿದ್ದ ಮಾದರಿಗಳನ್ನೆಲ್ಲ ಒಂದು ಸುತ್ತು ನೋಡಿ ಬಂದಿದ್ದೆ. ಗಾಳಿಯಿಲ್ಲದೆ ತಿರುಗುವ ಗಾಳಿಯಂತ್ರ, ಬಿಸಿಲಿಲ್ಲದೆ ಉರಿಯುವ ಸೌರದೀಪ. ಮೇಜುಬಟ್ಟೆಗಳೆಲ್ಲ ನೆಲ ಮುಟ್ಟುವಷ್ಟು ಉದ್ದವಿದ್ದವು. ಇಷ್ಟು ಜನ ಮೇಷ್ಟ್ರುಗಳಿಗೆ ಇಷ್ಟು ಉದ್ದದ ಬಟ್ಟೆ ಯಾಕೆ ಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಅವರವರದು ಗೊತ್ತಿತ್ತು.

ಚಿನಕುರಳಿಯ ಸರದಿ ಬಂತು. ಕೆಸರು ನೀರು ಸುರಿದಳು. ಭಾಷಣ ಅರ್ಧಕ್ಕೆ ನಿಂತಿತು. ನಲ್ಲಿಯ ಮೇಲೆ ಕೈಯಿಟ್ಟವಳು ಹಾಗೇ ನಿಂತಳು.

"ಮರೆತ್ಹೋಯ್ತೇನೇ?" ಎಂದು ವೇದಿಕೆಯ ಪಕ್ಕದಿಂದ ಭಾವ ಪಿಸುಗುಟ್ಟಿದರು. "ನಲ್ಲಿ ತಿರುಗ್ಸೇ!"

ಅವಳು ಕೈ ತೆಗೆದು ಕಪ್ಪು ಬಟ್ಟೆಯನ್ನು ಜಗ್ಗಿ ಎಳೆದಳು. ಕ್ಯಾನು ಎಲ್ಲರಿಗೂ ಕಂಡಿತು. ಆಮೇಲೆ ಬಗ್ಗಿ ಪೆಟ್ಟಿಗೆಯ ತಳದ ಬಿರಡೆ ಕಿತ್ತು ಲೋಟ ಹಿಡಿದಳು. ಇದ್ದಿಲು ಬೆರೆತ ಕಂದು ನೀರು ತೊಟ್ಟಿಕ್ಕತೊಡಗಿತು. ಲೋಟ ಅರ್ಧವಾಗುವ ತನಕ ಅವಳು ಕಾದಳು. ಸಭಾಂಗಣವೂ ಕಾಯಿತು.

"ಇದ್ರಿಂದ ಬರೋ ನೀರು ಇದು. ಇದನ್ನ ನಾನು ಕುಡಿಯಲ್ಲ" ಎಂದಳು. "ಹೋದ ವರ್ಷ ಕುಡಿದಿದ್ದು ಆ ಕ್ಯಾನಿನ ನೀರು. ನಿನ್ನೆ ನಮ್ಮನೆಗೆ ಬಂದಿದ್ರಲ್ಲ, ಆ ಟೀಚರ್ ಇಲ್ಲೇ ಇದ್ರೆ ಕೇಳಿಸ್ಕೊಳ್ಳಿ. ನಿಮ್ಮ ಮರಳು ಸರಿಯಾಗೇ ಇತ್ತು, ಟೀಚರ್. ಮಕ್ಕಳಿಗೆ ಕುದಿಸಿದ ನೀರು ಕೊಡಿ."

ದೊಡ್ಡ ಮೇಷ್ಟ್ರು ಎದ್ದು ಹೊರಗೆ ನಡೆದುಬಿಟ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ವೇದಿಕೆ ಹತ್ತಿ ಆ ಮಗುವಿನ ಪಕ್ಕ ನಿಂತೆ. ಒಂದು ದಿನ ತಡವಾಗಿ ನಿಂತೆ.

ನಡುವಿನ ಸಾಲಿನಿಂದ ಟೀಚರ್ ನಿಧಾನವಾಗಿ ವೇದಿಕೆಗೆ ಬಂದರು. ಚಿನಕುರಳಿಯ ತಲೆ ಸವರಿದರು. ಆಮೇಲೆ ಭಾವನ ಕಡೆಗೂ ನನ್ನ ಕಡೆಗೂ ತಿರುಗಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ನಿನ್ನೆ ನಾನು ನಿಮ್ಮ ಮನೆ ತನಕ ಬಂದಿದ್ದೆನಲ್ಲ" ಎಂದರು. "ನೀವಿಬ್ಬರೂ ಅಲ್ಲೇ ಇದ್ರಿ."