ಬಾವಿದಾರಿಯ ಬಿಳಿಗಲ್ಲು

"ಚಪ್ಪಲ್ ಕೈಯಾಗ ಹಿಡ್ಕೊಳ್ರೇ, ಸೂಳೇರಾ! ಹಾಲಿನಂಥಾ ಕಲ್ಲು ಹೊಲಸಾದೀತು!"

ಹವೇಲಿಯ ಜಗಲಿಯಿಂದ ಠಾಕೂರ ಭೋಪಾಲ್ ಸಿಂಗ್ ಕೂಗಿದ. ನಮ್ಮ ಮೇಘವಾಳ ಜಾತಿಯವರ ಕೇರಿಯಿಂದ ಬಾವಿಗೆ ಹೋಗಲು ಅವನ ಬಾಗಿಲ ಮುಂದಿನ ದಾರಿಯೊಂದೇ. ಇಂಥವರ ಬಾಗಿಲ ಮುಂದೆ ಚಪ್ಪಲಿ ಕಳಚುವುದು ನಮಗೆ ಹಾಲು ಕುಡಿಯುವಾಗಿನಿಂದ ಬಂದ ಪಾಠ. ಈಗ ಆ ದಾರಿಗೂ ಅವನು ಮಕರಾಣದ ಗಣಿಯ ಬಿಳಿ ಅಮೃತಶಿಲೆ ಹಾಸಿಸಿದ್ದ. ದಾರಿ ಊರಿನದು, ಕಲ್ಲು ಅವನದು, ಕೇಳುವವರು ಯಾರು?

ಕಲ್ಲಿಗೆ ಹೊಳಪು ಕೊಟ್ಟವನು ನನ್ನ ಗಂಡ. ಬಯಲಲ್ಲಿ ಹಾಸುವ ಕಲ್ಲನ್ನು ಒರಟಾಗಿಯೇ ಬಿಡಬೇಕು ಎಂದು ಹೇಳಹೊರಟಾಗ ಠಾಕೂರ, "ಮಾರಿ ಕಾಣಂಗ ತಿಕ್ಕಲೇ," ಎಂದು ಗದರಿದ್ದ. ಅಂದು ಸಂಜೆ ಗಂಡ ನನ್ನನ್ನು ಕೇಳಿದ್ದ: "ಇನ್ನೊಮ್ಮೆ ಹೇಳ್ಲೇನ? ನೀರು ಬಿದ್ರ ಜಾರತೈತಿ. ಕೊಡ ಹೊತ್ತು ಬರೋರು ನಮ್ಮ ಹೆಣ್ಮಕ್ಕಳ."

"ಬಾಯಿ ಮುಚ್ಕೊಂಡು ತಿಕ್ಕಿ ಬಾ," ಎಂದಿದ್ದೆ ನಾನು. "ದೊಡ್ಡೋರ ಉಸಾಬರಿ ನಮಗ್ಯಾಕ? ಇದ್ದ ಕೆಲಸಾನೂ ಹೋದೀತು."

ಅವನು ಬಾಯಿ ಮುಚ್ಚಿಕೊಂಡು ತಿಕ್ಕಿದ. ಕಲ್ಲು ಕನ್ನಡಿಯಾಯಿತು.

ಆ ಕೂಗು ಕೇಳಿದ ದಿನ ನನ್ನ ಮುಂದೆ ಹಿರಿಯ ಓರಗಿತ್ತಿ ಝಮಕು ತುಂಬಿದ ಕೊಡ ಹೊತ್ತು ನಡೆಯುತ್ತಿದ್ದಳು. ಮುಂದೆ ಹೋದವರ ಕೊಡದ ನೀರು ಕಲ್ಲಿನ ಮೇಲೆ ತುಳುಕಿತ್ತು. ಅವಳ ಬರಿಗಾಲು ಜಾರಿತು. ಸೊಂಟ ಮುರಿದ ಸದ್ದು ನನಗೇ ಕೇಳಿಸಿತು.

"ಕಲ್ಲು ಸೀಳೈತೇನು ನೋಡ್ರಲೇ," ಎಂದ ಠಾಕೂರ ತನ್ನ ಆಳುಗಳಿಗೆ.

ಮನೆಯಲ್ಲಿ, ಹಗ್ಗದ ಮಂಚದ ಮೇಲೆ ಮಲಗಿ ಝಮಕು ನನ್ನ ಕೈ ಹಿಡಿದಳು. "ಧಾಪೂ, ಮೈದುನಂದೇನೂ ತಪ್ಪಿಲ್ಲ ಬಿಡ. ನಾನ ನೋಡಿ ನಡೀಬೇಕಿತ್ತು." ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗಂಡ ಸಜ್ಜೆ ರೊಟ್ಟಿ ಮುಟ್ಟಲಿಲ್ಲ. ತನ್ನ ಅಂಗೈಯನ್ನೇ ನೋಡುತ್ತ ಕೂತ. ತಪ್ಪು ಆ ಕೈಯದಲ್ಲ, ನನ್ನ ಬಾಯಿಯದು. ಅದನ್ನು ಝಮಕು ಅಕ್ಕನ ಮುಂದೆ ಹೇಳಲು ನನಗೆ ಮುಖವಿರಲಿಲ್ಲ.

ಮರುದಿನ ಬೆಳಗ್ಗೆ ಎದ್ದವಳೇ ಗಂಡನ ಉಳಿ, ಸುತ್ತಿಗೆ ತೆಗೆದುಕೊಂಡು ಹೋಗಿ ಝಮಕು ಬಿದ್ದ ಜಾಗದಲ್ಲಿ ಕೂತೆ. ಸವೆದ ಬೀಸುಕಲ್ಲನ್ನು ಉಳಿಯಿಂದ ಒರಟು ಮಾಡುವುದು ತವರಿನಲ್ಲೇ ಕಲಿತ ಕೆಲಸ. ಮೊದಲ ಏಟಿಗೇ ಬಿಳಿ ಚೂರು ಸಿಡಿಯಿತು.

"ಏನ್ ಮಾಡಾಕತ್ತೀಯೇ, ರಂಡೇ!" ಠಾಕೂರ ಪಂಚೆ ಎತ್ತಿಕೊಂಡು ಓಡಿಬಂದ.

"ಹೊಳಪು ಕೊಟ್ಟೋರು ನಾವ, ಧಣೀ. ತೆಗಿಯೋರೂ ನಾವ."

ಆಳುಗಳು ಕೋಲು ಹಿಡಿದು ಜಗಲಿ ಇಳಿದರು. ಬಾವಿಯಿಂದ ಬಂದ ಹೆಂಗಸರು ಕೊಡ ಹೊತ್ತುಕೊಂಡೇ ನನ್ನ ಹಿಂದೆ ನಿಂತರು. ಅವರಲ್ಲಿ ಯಾರೂ ಹತ್ತಿರ ಬರಲಿಲ್ಲ, ಯಾರೂ ಹೋಗಲೂ ಇಲ್ಲ. ನಾನು ಪಕ್ಕದ ಕಲ್ಲಿಗೆ ಉಳಿ ಇಟ್ಟೆ.